ಅರಮನೆ ಮೈದಾನದ ಸೌಂಡು ಲಂಡನ್‌ನಲ್ಲಿ ಯಾಕೆ ಸಿಗಲಿಲ್ಲ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. 2009ರ ಫೆಬ್ರವರಿ 15ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಇಂಗ್ಲೆಂಡಿನ ಹೆವಿ ಮೆಟಲ್ ರಾಕ್ ಬ್ಯಾಂಡ್ ನೋಡಿದ್ದೆ. ಆಗ ಇಂಜಿನಿಯರಿಂಗ್ ಓದುತ್ತಿದ್ದೆ, ವಯಸ್ಸು 20. ವೇದಿಕೆಯಿಂದ ಇಪ್ಪತ್ತೈದು ಮೀಟರ್ ದೂರ ನಿಂತಿದ್ದೆ. ಡ್ರಮ್ ಎದೆಗೇ ಗುದ್ದುತ್ತಿತ್ತು. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. 2025ರ ಜೂನ್ 28ರಂದು ಲಂಡನ್ ಸ್ಟೇಡಿಯಂನಲ್ಲಿ ಅದೇ ಬ್ಯಾಂಡನ್ನು ಮತ್ತೆ ನೋಡಿದೆ. ವೇದಿಕೆಯ ಎದುರು ತುದಿಯಲ್ಲಿ, ಮೇಲಿನ ಅಂತಸ್ತಿನ ಸೀಟು. ಸೌಂಡ್ ತೆಳುವಾಗಿತ್ತು. ಪರದೆಯ ಮೇಲೆ ಡ್ರಮ್ಮರ್ ಕೈ ಮೊದಲು ಬೀಳುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಕೆಲವು ಹಾಡು ನಿಧಾನ ಅನಿಸಿತು. 66 ವರ್ಷದ ಹಾಡುಗಾರ ಬ್ರೂಸ್ ಡಿಕಿನ್ಸನ್ ಹಾಗೆ ಹಾಡಲು ಆಗುವುದೇ ಇಲ್ಲ, ಟೇಪ್ ಹಾಕಿರುತ್ತಾರೆ ಎಂದು ಗೆಳೆಯರು ಹೇಳುತ್ತಾರೆ. ನನ್ನ ಫೋನ್ ರೆಕಾರ್ಡಿಂಗ್ ಕೇಳಿದರೆ ಅಪಸ್ವರ. ಇಷ್ಟೆಲ್ಲ ಇದ್ದರೂ ಒಂದು ಹಾಡಿನ ನಡುವೆ ಅತ್ತುಬಿಟ್ಟೆ. ಆಮೇಲೆ ಎರಡು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ವಯಸ್ಸಾದದ್ದು ಬ್ಯಾಂಡಿಗಾ, ನನಗಾ? ಇನ್ನೊಂದು ಸಲ ಹೋಗಬಹುದಾ? ಎಂಟು ವರ್ಷದ ಮಗಳು ತಾನೂ ಬರುತ್ತೇನೆ ಅನ್ನುತ್ತಿದ್ದಾಳೆ.

ಉತ್ತರ:

2009ರ ಆ ಭಾನುವಾರ ನಾನೂ ಅರಮನೆ ಮೈದಾನದಲ್ಲಿದ್ದೆ. ಕೆಲಸಕ್ಕೆ ಹೋದದ್ದಲ್ಲ, ದುಡ್ಡು ಕೊಟ್ಟು ಟಿಕೆಟ್ ತಗೊಂಡು ಹೋಗಿದ್ದೆ. ಮನೆಗೆ ಬಂದಾಗ ಕಪ್ಪು ಟೀ ಶರ್ಟ್ ಪೂರ್ತಿ ಕೆಂಪಾಗಿತ್ತು. ಬಾಗಿಲು ತೆಗೆದ ಹೆಂಡತಿ "ಹೊಲ ಉತ್ತು ಬಂದ್ರಾ?" ಎಂದಳು. ಹಾಗಾಗಿ ನಿಮ್ಮ ಮೊದಲ ಅನುಭವದ ಬಗ್ಗೆ ನನಗೆ ಅನುಮಾನವೇ ಇಲ್ಲ. ಆ ಡ್ರಮ್ ನನ್ನ ಎದೆಗೂ ಗುದ್ದಿದೆ.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಸಭೆ, ಸಮಾರಂಭ, ಸಂಗೀತ ಕಾರ್ಯಕ್ರಮಗಳಿಗೆ ಸೌಂಡ್ ಮಿಕ್ಸ್ ಮಾಡುತ್ತಿದ್ದೇನೆ. ಈ ಕೆಲಸ ಮಾಡುವವರಿಗೆ ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬ್ಯಾಂಡಿನ ಹೆಸರಲ್ಲ, ನೀವು ಬರೆದ ಎರಡು ಜಾಗಗಳು. ಒಂದು ಕಡೆ ಇಪ್ಪತ್ತೈದು ಮೀಟರ್. ಇನ್ನೊಂದು ಕಡೆ ಸ್ಟೇಡಿಯಂನ ಎದುರು ತುದಿಯ ಮೇಲಂತಸ್ತು, ಅಂದರೆ ಅಂದಾಜು 150 ಮೀಟರ್ ಅನ್ನೋಣ. ಬ್ಯಾಂಡ್ ಬದಲಾಗಿದೆ ಎಂದು ನಿಮಗೆ ಅನಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಎರಡು ಜಾಗಗಳ ವ್ಯತ್ಯಾಸ. ಉಳಿದದ್ದರಲ್ಲಿ ದೊಡ್ಡ ಪಾಲು ಡ್ರಮ್ಮರ್ ಬದಲಾದದ್ದು. ಎಲ್ಲರೂ ಅನುಮಾನ ಪಡುವ ಹಾಡುಗಾರರಿದ್ದಾರಲ್ಲ, ಅವರು ಬದಲಾದದ್ದು ತೀರಾ ಕಡಿಮೆ.

ಮೊದಲು ಕೈ ಮತ್ತು ಸದ್ದಿನ ವಿಷಯ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ದೂರದ ಹೊಲದಲ್ಲಿ ಯಾರೋ ಕಟ್ಟಿಗೆ ಒಡೆಯುವಾಗ ಕೊಡಲಿ ಬಿದ್ದದ್ದು ಕಂಡು, ಆಮೇಲೆ ಠಪ್ ಎಂದು ಕೇಳುತ್ತದೆ ಅಲ್ವಾ, ಅದೇ ಲೆಕ್ಕ. ಅರಮನೆ ಮೈದಾನದಲ್ಲಿ ನೀವು ನಿಂತಲ್ಲಿಗೆ ಸದ್ದು 0.07 ಸೆಕೆಂಡಿನಲ್ಲಿ ಬಂತು. ಅಷ್ಟು ಸಣ್ಣ ಅಂತರ ಗಮನಕ್ಕೆ ಬರುವುದಿಲ್ಲ. ಲಂಡನ್‌ನ ಸೀಟಿಗೆ ಬರಲು 0.44 ಸೆಕೆಂಡ್ ಬೇಕು. ನಿಮಿಷಕ್ಕೆ 150 ಬಡಿತದ ಹಾಡಾದರೆ ಎರಡು ಬಡಿತಗಳ ನಡುವಿನ ಅಂತರವೇ 0.4 ಸೆಕೆಂಡ್. ಅಂದರೆ ಪರದೆಯ ಮೇಲಿನ ಕೈಗಿಂತ ನಿಮ್ಮ ಕಿವಿಯ ಡ್ರಮ್ ಒಂದು ಬಡಿತ ಹಿಂದೆ. ಹಾಡು ಎಳೆದಾಡಿದ ಹಾಗೆ ಕಾಣುವುದಕ್ಕೆ ಇಷ್ಟೇ ಸಾಕು. ಸುಮ್ನೆ ಕಣ್ಣು ಮುಚ್ಚಿ ಕೇಳಿದ್ದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತಿತ್ತು. ಅಷ್ಟು ದುಡ್ಡು ಕೊಟ್ಟು ಹೋಗಿ ಕಣ್ಣು ಮುಚ್ಚಿ ಕೂರಿ ಎಂದರೆ ನೀವು ಬೈಯುತ್ತೀರಿ, ಗೊತ್ತು.

ದೊಡ್ಡ ಮೈದಾನದಲ್ಲಿ ಹಿಂದೆ ನಿಂತವರಿಗಾಗಿ ನಡುವೆ ಟವರ್ ಕಟ್ಟಿ ಇನ್ನಷ್ಟು ಸ್ಪೀಕರ್ ತೂಗುಹಾಕುತ್ತೇವೆ. ಅವನ್ನು ಡಿಲೇ ಟವರ್ ಅನ್ನುತ್ತೇವೆ. ತಂತಿಯಲ್ಲಿ ಸಿಗ್ನಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿಗೆ ಹೋಗಿಬಿಡುತ್ತದೆ. ವೇದಿಕೆಯ ಸದ್ದು ಮಾತ್ರ ಗಾಳಿಯಲ್ಲಿ ನಡೆದುಕೊಂಡು ಬರಬೇಕು. ಆದ್ದರಿಂದ ಟವರಿನ ಸ್ಪೀಕರನ್ನು ಬೇಕೆಂದೇ ಅಷ್ಟು ಹೊತ್ತು ತಡೆದು ಬಿಡುತ್ತೇವೆ. ಅದರ ಮೇಲೆ ಹತ್ತು ಹದಿನೈದು ಮಿಲಿಸೆಕೆಂಡ್ ಸೇರಿಸುತ್ತೇವೆ. ಯಾಕೆಂದರೆ ಕಿವಿ ಮೊದಲು ಬಂದ ಸದ್ದನ್ನು ನಂಬುತ್ತದೆ. ವೇದಿಕೆಯಿಂದ ಬಂದದ್ದು ಒಂದು ಕೂದಲೆಳೆ ಮೊದಲು ಮುಟ್ಟಿದರೆ ಎಲ್ಲ ಸದ್ದೂ ವೇದಿಕೆಯಿಂದಲೇ ಬಂದ ಹಾಗೆ ಅನಿಸುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ವೃತ್ತಿಯ ಶುರುವಿನಲ್ಲಿ ಒಂದು ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಅರವತ್ತು ಮೀಟರ್ ದೂರದಲ್ಲಿ ಟವರ್ ನಿಲ್ಲಿಸಿದ್ದೆ. ಡಿಲೇ ಹಾಕುವುದನ್ನೇ ಮರೆತೆ. ಹಿಂದಿನ ಸಾಲಿನವರಿಗೆ ಪ್ರತಿ ಸಾಲೂ ಎರಡು ಸಲ ಕೇಳಿಸಿತು. ಮೊದಲ ಹಾಡು ಮುಗಿಯುವಷ್ಟರಲ್ಲಿ ಒಬ್ಬ ಅಜ್ಜ ನನ್ನ ಟೇಬಲ್ ಹತ್ತಿರ ಬಂದು, "ಏನಪ್ಪಾ, ಜೋಡಿ ಹಾಡುಗಾರರನ್ನ ಕರೆಸಿದೀಯಾ? ಒಬ್ಬರೇ ಕಾಣ್ತಾರಲ್ಲ" ಎಂದರು. ಅವತ್ತಿನಿಂದ ಇವತ್ತಿನವರೆಗೆ ಅದನ್ನು ಮರೆತಿಲ್ಲ.

ಇನ್ನು ತೆಳು ಸೌಂಡ್. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಆಸಕ್ತಿ ಹುಟ್ಟಿಸಿದ ಸಾಲು ಇದು. ಸೌಂಡ್ ತೆಳುವಾಗಿತ್ತು ಅನ್ನುತ್ತೀರಿ. ಅದೇ ಪತ್ರದಲ್ಲಿ ಮುಂದೆ ಎರಡು ದಿನ ಕಿವಿ ಗುಂಯ್ ಎಂದಿತು ಅನ್ನುತ್ತೀರಿ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಎದೆಗೆ ಗುದ್ದುವುದು ಮತ್ತು ಕಿವಿಗೆ ಪೆಟ್ಟು ಕೊಡುವುದು ಎರಡು ಬೇರೆ ಬೇರೆ ಸದ್ದು. ಎದೆಗೆ ಗುದ್ದುವುದು ಕೆಳಗಿನ ಸದ್ದು, ಅಂದರೆ ತಗ್ಗು ಸ್ಥಾಯಿಯದು, ಹೆಚ್ಚುಕಡಿಮೆ 50ರಿಂದ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ). ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಹೊಟ್ಟೆಯಿಂದ ಬರುವುದು. ಅದನ್ನು ಕೊಡುವ, ಸಬ್ ಎಂಬ ದೊಡ್ಡ ಸ್ಪೀಕರ್ ಡಬ್ಬಗಳನ್ನು ಸಾಮಾನ್ಯವಾಗಿ ವೇದಿಕೆಯ ಮುಂದೆ ನೆಲದ ಮೇಲೆ ಜೋಡಿಸಿರುತ್ತೇವೆ. ಆ ಸದ್ದು ಎಲ್ಲ ಕಡೆ ಹರಡಿಕೊಂಡು, ದೂರ ಎರಡರಷ್ಟಾದ ಹಾಗೆಲ್ಲ 6 ಡೆಸಿಬಲ್ ಕಳೆದುಕೊಳ್ಳುತ್ತದೆ. 25 ಮೀಟರಿಂದ 150 ಮೀಟರಿಗೆ ಹೋದರೆ 15 ಡೆಸಿಬಲ್‌ಗೂ ಜಾಸ್ತಿ ಹೋಯಿತು. ಗುದ್ದು ಹೋಗಿ ಬರೀ ಗುಡುಗುಡು ಉಳಿಯುತ್ತದೆ.

ಮೇಲಿನ ಸದ್ದಿನ, ಅಂದರೆ ಏರು ಸ್ಥಾಯಿಯದರ, ಕಥೆ ಬೇರೆ. ವೇದಿಕೆಯ ಎರಡೂ ಪಕ್ಕ ಬಾಳೆಗೊನೆ ಹಾಗೆ ಬಾಗಿ ತೂಗುವ ಸ್ಪೀಕರ್ ಸಾಲು ನೋಡಿರುತ್ತೀರಿ. ಅದಕ್ಕೆ ಲೈನ್ ಅರೇ ಎಂದು ಹೆಸರು. ಅದರ ಕೆಲಸವೇ ಸದ್ದನ್ನು ಆಚೆ ಈಚೆ ಚೆಲ್ಲದೆ ದೂರಕ್ಕೆ ಎಸೆಯುವುದು. ಗೊನೆಯ ಮೇಲಿನ ಚಿಪ್ಪುಗಳು ನೇರವಾಗಿ ನಿಮ್ಮ ಮೇಲಂತಸ್ತಿಗೇ ಗುರಿ ಇಟ್ಟಿರುತ್ತವೆ. ಗಿಟಾರ್, ಸಿಂಬಲ್ (ಡ್ರಮ್ ಜೊತೆಯ ತಾಳದಂಥ ತಟ್ಟೆ), ಹಾಡುಗಾರನ ಕೂಗು ಎಲ್ಲ ಅಲ್ಲಿಗೆ ಚೆನ್ನಾಗಿಯೇ ಬರುತ್ತದೆ. ಹಿಂದಿನವರಿಗಾಗಿ ಕಟ್ಟಿದ ಡಿಲೇ ಸ್ಪೀಕರ್‌ಗಳ ಜೊತೆಗೆ ಸಬ್ ಇಡುವುದು ಅಪರೂಪ. ಕೆಳಗಿನದು ಇಲ್ಲ, ಮೇಲಿನದು ಪೂರ್ತಿ ಇದೆ. ಸಾರು ಇಲ್ಲದೆ ಬರೀ ಒಗ್ಗರಣೆ ಬಡಿಸಿದ ಹಾಗೆ. ಮನಸ್ಸಿಗೆ ತೆಳು ಅನಿಸುತ್ತದೆ, ಕಿವಿಗೆ ಮಾತ್ರ ಏಟು ಬೀಳುತ್ತಲೇ ಇರುತ್ತದೆ. ಕಿವಿಗೆ ಜಾಸ್ತಿ ಹಾನಿ ಮಾಡುವುದು ಈ ಮೇಲಿನ ಸದ್ದೇ, ವಿಶೇಷವಾಗಿ 2,000ದಿಂದ 6,000 ಹರ್ಟ್ಸ್ ಒಳಗಿನದು. ಸೌಂಡ್ ಸಾಲದು ಅನಿಸಿತು, ಹಾಗಾಗಿ ಕಿವಿಗೆ ಏನೂ ಆಗಿರಲಿಕ್ಕಿಲ್ಲ ಎಂಬ ಲೆಕ್ಕ ತಪ್ಪುವುದು ಇಲ್ಲೇ.

ಇದರ ಜೊತೆ ಸ್ಟೇಡಿಯಂನ ಚಾವಣಿ. ಅರಮನೆ ಮೈದಾನ ಬಯಲು. ಯಕ್ಷಗಾನದ ಬಯಲಾಟದ ಹಾಗೆ ಸದ್ದು ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಲಂಡನ್ ಸ್ಟೇಡಿಯಂ 2012ರ ಒಲಿಂಪಿಕ್ಸ್‌ಗೆ ಕಟ್ಟಿದ್ದು, ಆಮೇಲೆ ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡದ ಮನೆಯಾಯಿತು. ಸೀಟುಗಳ ಮೇಲೆಲ್ಲ ಚಾವಣಿ ಇದೆ. ಮೇಲಂತಸ್ತಿನಲ್ಲಿ ಕೂತವರ ತಲೆಯ ಮೇಲೇ ಸದ್ದು ಬಡಿದು ಇಳಿಯುತ್ತದೆ, ಎದುರು ಕಡೆಯಿಂದ ಬಡಿದದ್ದೂ ತಡವಾಗಿ ಬಂದು ಸೇರುತ್ತದೆ. ನಡುವೆ ಗಾಳಿ ಬೀಸಿದರೆ ಸದ್ದಿನ ದಾರಿಯೇ ಬಾಗುತ್ತದೆ. ಸಿಂಬಲ್ ಸದ್ದು ಒಮ್ಮೆ ಹತ್ತಿರ, ಒಮ್ಮೆ ದೂರ ಹೋದ ಹಾಗೆ ಕೇಳಿದ್ದರೆ ಅದು ಗಾಳಿಯ ಕೆಲಸ. ಮಿಕ್ಸರ್ ಹಿಂದೆ ನಿಂತ ಎಂಥ ಜಾಣನೂ ಗಾಳಿಯನ್ನು ತಿದ್ದಲಾರ. ಇನ್ನೂ ಒಂದು ಕಟ್ಟುಪಾಡು ಉಂಟು. ಬ್ರಿಟನ್‌ನ 1995ರ ಮಾರ್ಗಸೂಚಿಯ ಪ್ರಕಾರ ಊರ ನಡುವಿನ ಸ್ಟೇಡಿಯಂನಲ್ಲಿ ವರ್ಷಕ್ಕೆ ಒಂದೆರಡು ಕಾರ್ಯಕ್ರಮ ಮಾತ್ರ ನಡೆದರೂ ಅಕ್ಕಪಕ್ಕದ ಮನೆಗಳ ಗೋಡೆಯ ಹತ್ತಿರ 15 ನಿಮಿಷದ ಸರಾಸರಿ 75 ಡೆಸಿಬಲ್ ದಾಟಬಾರದು. ನಮ್ಮಲ್ಲಿ ರಾತ್ರಿ ಹತ್ತಕ್ಕೆ ನಿಲ್ಲಿಸು ಅನ್ನುತ್ತಾರೆ, ಅಲ್ಲಿ ಎಷ್ಟು ಜೋರು ಎಂದೂ ಅಳೆಯುತ್ತಾರೆ.

ಆ ಸ್ಟೇಡಿಯಂ ಬಗ್ಗೆ ಸೌಂಡಿಗೆ ಸಂಬಂಧವಿಲ್ಲದ ಒಂದು ಮಾತು. ಬ್ಯಾಂಡ್ ಕಟ್ಟಿದ ಬೇಸ್ ಗಿಟಾರಿಸ್ಟ್ ಸ್ಟೀವ್ ಹ್ಯಾರಿಸ್ ಹುಟ್ಟಿ ಬೆಳೆದದ್ದು ಪೂರ್ವ ಲಂಡನ್‌ನ ಲೇಟನ್‌ಸ್ಟೋನ್‌ನಲ್ಲಿ, ಈ ಸ್ಟೇಡಿಯಂ ಹತ್ತಿರವೇ. ಹುಡುಗನಾಗಿದ್ದಾಗ ವೆಸ್ಟ್ ಹ್ಯಾಮ್ ತಂಡ ಸೇರಲು ಪ್ರಯತ್ನಿಸಿದವರು, ಇವತ್ತಿಗೂ ಆ ತಂಡದ ಕಟ್ಟಾ ಅಭಿಮಾನಿ. 1975ರಲ್ಲಿ ಬ್ಯಾಂಡ್ ಶುರುವಾಯಿತು. ಐವತ್ತು ವರ್ಷ ತುಂಬಿದಾಗ ತಮ್ಮ ತಂಡದ ಅಂಗಳದಲ್ಲೇ ನುಡಿಸಿದರು. ನೀವು ನೋಡಿದ್ದು ಅವರ ಹುಟ್ಟೂರ ಜಾತ್ರೆ. ಸೌಂಡ್ ತೆಳುವಾಗಿದ್ದರೂ ಅದಕ್ಕಾಗಿ ನಾನಂತೂ ನಿಮ್ಮ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಪಡುತ್ತೇನೆ.

ಈಗ ಟೇಪ್ ವಿಚಾರ. ನಿಮ್ಮ ಗೆಳೆಯರಿಗೆ ಹೇಳಿ, ಐರನ್ ಮೇಡನ್ ಟೇಪ್ ಹಾಕುವುದು ಹೌದು, ಮುಚ್ಚಿಟ್ಟು ಹಾಕುವುದಿಲ್ಲ. ಶುರುವಿಗೆ ಯುಎಫ್‌ಒ ಎಂಬ ಇನ್ನೊಂದು ಬ್ಯಾಂಡಿನ ಹಾಡು ಸ್ಪೀಕರಿನಲ್ಲಿ ಬರುತ್ತದೆ, ಅದು ಬಂತೆಂದರೆ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ. ಒಂದು ಹಾಡಿಗೆ ಮೊದಲು ಚರ್ಚಿಲ್ ಭಾಷಣ ಬರುತ್ತದೆ. ಅದೆಲ್ಲ ನಾಟಕದ ನಾಂದಿ ಹಾಗೆ. ಹಾಡುಗಾರನ ದನಿಯೇ ಟೇಪಾ ಎಂಬುದು ಬೇರೆ ಪ್ರಶ್ನೆ.

ಅದನ್ನು ನಾವು ಹೇಗೆ ಗುರುತಿಸುತ್ತೇವೆ ಎಂದು ಹೇಳುತ್ತೇನೆ. ಮೈಕ್ ಬಾಯಿಂದ ಅರ್ಧ ಅಡಿ ದೂರ ಸರಿದರೆ ದನಿಯ ದಪ್ಪ ತಕ್ಷಣ ಇಳಿಯಬೇಕು. ಓಡಿ ಬಂದು ಹಾಡಿದರೆ ಮೊದಲ ಸಾಲಿನಲ್ಲಿ ಉಸಿರು ಕೇಳಿಸಬೇಕು. "ಪ" "ಬ" ಬಂದಾಗ ಆಗಾಗ ಮೈಕಿಗೆ ಗಾಳಿ ಹೊಡೆಯಬೇಕು. ಒಂದೇ ಸಾಲನ್ನು ಎರಡು ಊರುಗಳಲ್ಲಿ ಎರಡು ರೀತಿ ಮುಗಿಸಿರಬೇಕು. ಬ್ರೂಸ್ ಡಿಕಿನ್ಸನ್ ವಿಷಯದಲ್ಲಿ ಇದೆಲ್ಲ ಬೇಕಾದಷ್ಟು ಸಿಗುತ್ತದೆ. ಜಿಗಿದು, ಓಡಿ, ಕೆಲವು ಕಡೆ ಸಾಲು ನುಂಗಿ, ಮತ್ತೆ ಎತ್ತಿಕೊಂಡು ಹಾಡುವವರು ಅವರು. ಟೇಪಿಗೆ ಸಾಲು ನುಂಗಲು ಬರುವುದಿಲ್ಲ.

ಆ ವಯಸ್ಸಿನಲ್ಲಿ ಸಾಧ್ಯವಾ? ವಯಸ್ಸಾದ ಗಂಡಸಿನ ಗಂಟಲಿನಲ್ಲಿ ಸ್ವರ ತಂತುಗಳು ತೆಳುವಾಗುತ್ತವೆ, ಬಿಗಿಯಾಗುತ್ತವೆ. ಉಸಿರಿನ ಶಕ್ತಿ ಇಳಿಯುತ್ತದೆ. ದೀರ್ಘ ಸ್ವರ ಹಿಡಿದಾಗ ನಡುಕ ಅಗಲವಾಗುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಎಲ್ಲ ಹಾಡುಗಾರರಿಗೂ ಒಂದು ಸುಲಭ ದಾರಿ ಇದೆ, ಶ್ರುತಿ ಇಳಿಸುವುದು. ನಮ್ಮ ಭಾಗವತರಲ್ಲೂ ಇದೆ. ಬಿಳಿ ಐದರಲ್ಲಿ ಹಾಡುತ್ತಿದ್ದವರು ಕಪ್ಪು ಮೂರಕ್ಕೆ ಇಳಿಯುತ್ತಾರೆ, ಯಾರೂ ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ. ರಾಕ್‌ನಲ್ಲೂ ಅಷ್ಟೇ. 2011ರಲ್ಲಿ ಇದೇ ಅರಮನೆ ಮೈದಾನಕ್ಕೆ ಬಂದ ಮೆಟಾಲಿಕಾ ಬ್ಯಾಂಡಿನವರು ವೇದಿಕೆಯ ಮೇಲೆ ಗಿಟಾರ್‌ಗಳನ್ನು ಅರ್ಧ ಸ್ವರ ಇಳಿಸಿಯೇ ನುಡಿಸುತ್ತಾರೆ. ಐರನ್ ಮೇಡನ್ ಇಳಿಸಿಲ್ಲ. 1982ರಲ್ಲಿ ರೆಕಾರ್ಡ್ ಮಾಡಿದ ಹಾಡನ್ನು ಅದೇ ಶ್ರುತಿಯಲ್ಲಿ ಹಾಡುತ್ತಾರೆ. ನನಗೆ ಇದು ಜಾಣತನ ಅನಿಸುವುದಿಲ್ಲ. ಇದೊಂದು ಹಟ, ಮತ್ತು ಆ ಹಟ ನನಗೆ ಇಷ್ಟ.

ಅದರಲ್ಲೂ ಬ್ರೂಸ್ ಅವರಿಗೆ 2014ರ ಕೊನೆಯಲ್ಲಿ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಗಿತ್ತು. ರೇಡಿಯೇಷನ್, ಕೀಮೋ ಎರಡೂ ಆಯಿತು. 2015ರ ಮೇ ತಿಂಗಳಲ್ಲಿ ಗುಣವಾಗಿದೆ ಎಂದು ತಿಳಿಸಿದರು. 2016ರ ಫೆಬ್ರವರಿಯಲ್ಲಿ ಮತ್ತೆ ವೇದಿಕೆ ಹತ್ತಿದರು. ಗಂಟಲಿನ ಹತ್ತಿರ ರೇಡಿಯೇಷನ್ ಆದವರಿಗೆ ಬಾಯಿ ಒಣಗುವುದು ಸಾಮಾನ್ಯ. ನಾನು ಮಿಕ್ಸ್ ಮಾಡುವ ಹಾಡುಗಾರರು ಎಸಿ ಹಾಲ್‌ನಲ್ಲಿ ಗಂಟಲು ಒಣಗಿತು ಎಂದು ಮೂರು ಸಲ ನೀರು ಕೇಳುತ್ತಾರೆ.

ಹಾಗಂತ ಎಲ್ಲ ಮೊದಲಿನ ಹಾಗೇ ಇದೆ ಅನ್ನುವುದಿಲ್ಲ. ಗಮನವಿಟ್ಟು ಕೇಳಿದರೆ ಲೆಕ್ಕಾಚಾರ ಗೊತ್ತಾಗುತ್ತದೆ. ಉದ್ದದ ಕೂಗನ್ನು ಸ್ವಲ್ಪ ಬೇಗ ಬಿಡುತ್ತಾರೆ. ಕೆಲವು ಏರು ಸಾಲುಗಳನ್ನು ಜನರ ಬಾಯಿಗೆ ಕೊಟ್ಟು ಮೈಕ್ ಮುಂದೆ ಚಾಚುತ್ತಾರೆ. ಎಲ್ಲ ಸಾಲಿಗೂ ಒಂದೇ ಬಲ ಹಾಕುವುದಿಲ್ಲ, ಮುಖ್ಯವಾದ ಜಾಗಕ್ಕೆ ಉಳಿಸಿಡುತ್ತಾರೆ. ಅದೂ ಹಾಡುಗಾರಿಕೆಯೇ.

ಫೋನಿನ ಅಪಸ್ವರವನ್ನು ಮರೆತುಬಿಡಿ. ಆ ಸಣ್ಣ ಮೈಕ್ ಮಾತು ಕೇಳಿಸಿಕೊಳ್ಳಲು ಮಾಡಿದ್ದು. ಸದ್ದು ಜೋರಾದಾಗ ಫೋನ್ ತಾನಾಗಿಯೇ ಒತ್ತಿ ಕಡಿಮೆ ಮಾಡುತ್ತದೆ, ಸದ್ದು ಇಳಿದಾಗ ಎತ್ತುತ್ತದೆ. ಅದರ ಮೇಲೆ ನಿಮ್ಮ ಪಕ್ಕದವರ ದನಿ. ಇನ್ನೊಂದು ಸಲ ಕೇಳಿ ನೋಡಿ, ಆ ಅಪಸ್ವರ ನೀವೇ ಹಾಡಿದ್ದಿರಬಹುದು. ತಮಾಷೆಗೆ ಹೇಳಿದ್ದಲ್ಲ. ಫೋನಿಗೆ ಬ್ರೂಸ್ ಬಾಯಿಗಿಂತ ನಿಮ್ಮ ಬಾಯಿ ನೂರಾರು ಪಟ್ಟು ಹತ್ತಿರ. ಈ ಪ್ರವಾಸದ ಮೊದಲು ಬ್ಯಾಂಡಿನ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ದಯವಿಟ್ಟು ಫೋನ್ ಕೆಳಗಿಡಿ ಎಂದು ಅಭಿಮಾನಿಗಳನ್ನು ಕೇಳಿಕೊಂಡಿದ್ದರು.

ನಿಜವಾಗಿ ಬದಲಾದದ್ದು ಡ್ರಮ್. ಬೆಂಗಳೂರಿನಲ್ಲಿ ನೀವು ಕೇಳಿದ್ದು ನಿಕೋ ಮೆಕ್‌ಬ್ರೇನ್ ಅವರನ್ನು. 1982ರ ಕೊನೆಯಲ್ಲಿ ಬ್ಯಾಂಡ್ ಸೇರಿದವರು. ಮೆಟಲ್ ಡ್ರಮ್ಮರ್‌ಗಳು ಎರಡು ಕಾಲಿನಲ್ಲಿ ಎರಡು ಪೆಡಲ್ ತುಳಿದು ಮಾಡುವ ಕೆಲಸವನ್ನು ಅವರು ಒಂದು ಕಾಲು, ಒಂದು ಪೆಡಲ್‌ನಲ್ಲಿ ಮಾಡುತ್ತಿದ್ದರು. ಅವರ ಲಯದಲ್ಲಿ ಒಂದು ತೂಗಾಟ ಇತ್ತು. ಬಡಿತ ಗಡಿಯಾರದ ಮುಳ್ಳಿನ ಮೇಲೆ ಬೀಳುತ್ತಿರಲಿಲ್ಲ, ಮುಳ್ಳಿಗೆ ಒಂದು ಚೂರು ಮುಂದೆ ಒರಗಿ ಬೀಳುತ್ತಿತ್ತು. ವೇದಿಕೆಯ ಮೇಲೆ ಹಾಡುಗಳು ರೆಕಾರ್ಡಿಗಿಂತ ಬೇಗ ಓಡುತ್ತಿದ್ದವು. 1985ರ ಲೈವ್ ಆಲ್ಬಮ್ ಕೇಳಿದರೆ ಬ್ಯಾಂಡ್ ಬಸ್ ಹಿಡಿಯಲು ಓಡಿದ ಹಾಗಿದೆ. 2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗಕ್ಕೇ ಹೊಡೆದದ್ದು. ಕೆಲವೇ ತಿಂಗಳಲ್ಲಿ ಮತ್ತೆ ಬಂದು ಕೂತು ಎರಡು ವರ್ಷ ಪ್ರವಾಸ ಮಾಡಿದರು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪಾಲೋದಲ್ಲಿ ಕೊನೆಯ ಸಲ ಬಾರಿಸಿ ಪ್ರವಾಸದಿಂದ ನಿವೃತ್ತಿ ಪಡೆದರು.

ನೀವು ಲಂಡನ್‌ನಲ್ಲಿ ಕೇಳಿದ್ದು ಸೈಮನ್ ಡಾಸನ್ ಅವರನ್ನು. ಸ್ಟೀವ್ ಹ್ಯಾರಿಸ್ ಅವರ ಇನ್ನೊಂದು ಬ್ಯಾಂಡಿನಲ್ಲಿ ಬಾರಿಸುವವರು. ಇವರ ವೇಗ ರೆಕಾರ್ಡಿಗೆ ಹತ್ತಿರ. ನಿಮಗೆ ನಿಧಾನ ಅನಿಸಿದ್ದು ಇದೇ. ನನಗೆ ಕೇಳಿದರೆ ಈ ವೇಗ ಹಾಡುಗಾರನಿಗೆ ಒಳ್ಳೆಯದು. ಪದಗಳಿಗೆ ಜಾಗ ಸಿಗುತ್ತದೆ, ಉಸಿರಿಗೆ ಸಮಯ ಸಿಗುತ್ತದೆ. ಹಾಡು ನಿಧಾನವಾಯಿತು ಎಂದು ಒಂದು ಕಡೆ ಬೇಸರ ಮಾಡಿಕೊಂಡು, 66ರಲ್ಲಿ ಇಷ್ಟು ಚೆನ್ನಾಗಿ ಹೇಗೆ ಹಾಡಿದರು ಎಂದು ಇನ್ನೊಂದು ಕಡೆ ಅನುಮಾನ ಪಡುತ್ತಿದ್ದೀರಿ. ಎರಡಕ್ಕೂ ಸ್ವಲ್ಪ ಮಟ್ಟಿಗೆ ಇದೇ ಉತ್ತರ. ಆದರೂ ನಿಕೋ ಅವರ ಆ ಒರಗಾಟ ನನಗೆ ಇವತ್ತಿಗೂ ಬೇಕು ಅನಿಸುತ್ತದೆ. ಅದನ್ನು ಯಾವ ಮಿಕ್ಸರ್‌ನಿಂದಲೂ ತರಲು ಆಗುವುದಿಲ್ಲ.

ಅತ್ತದ್ದರ ಬಗ್ಗೆ ನಾನು ತಜ್ಞನಲ್ಲ. ಯಾವ ಹಾಡು ಎಂದು ನೀವು ಬರೆದಿಲ್ಲ. ಊಹಿಸುತ್ತೇನೆ. ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆ ಆಧರಿಸಿದ ಆ ಹದಿಮೂರು ನಿಮಿಷದ ಹಾಡು ಅಲ್ವಾ? 2009ರ ಪ್ರವಾಸದಲ್ಲೂ ಅದಿತ್ತು, 2025ರಲ್ಲೂ ಇತ್ತು. ನಡುವೆ ಎಲ್ಲ ನಿಂತು, ಬೇಸ್ ಗಿಟಾರ್ ಮಾತ್ರ ಮೆಲ್ಲಗೆ ಉಳಿಯುತ್ತದೆ. ಹಡಗು ಗಾಳಿಯಿಲ್ಲದೆ ನಿಂತಿದೆ. ಆಮೇಲೆ ಒಂದೊಂದೇ ವಾದ್ಯ ಸೇರಿ ಏರುತ್ತದೆ. ಮುಂದೆ ಏನು ಬರುತ್ತದೆ ಎಂದು ಇಡೀ ಮೈದಾನಕ್ಕೆ ಗೊತ್ತು, ಆದರೂ ಎಲ್ಲರೂ ಉಸಿರು ಹಿಡಿದು ಕಾಯುತ್ತಾರೆ. 2011ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನಿಗಳು ಇದನ್ನು ಮೆದುಳಿನ ಸ್ಕ್ಯಾನ್‌ನಲ್ಲಿ ನೋಡಿದ್ದಾರೆ. ಇಷ್ಟದ ಹಾಡಿನ ಇಷ್ಟದ ಜಾಗ ಬರುವ ಮೊದಲೇ, ಬರೀ ಕಾಯುವಾಗಲೇ, ಮೆದುಳಿನಲ್ಲಿ ಡೋಪಮಿನ್ ಎಂಬ, ಸುಖಕ್ಕೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾಗುತ್ತದೆ. ಕೇಳಿದಾಗ ಇನ್ನೊಂದು ಭಾಗದಲ್ಲಿ ಮತ್ತೆ ಆಗುತ್ತದೆ. ಹದಿನಾರು ವರ್ಷದಿಂದ ಗೊತ್ತಿರುವ ಹಾಡಿಗೆ ಕಾಯುವ ಸುಖ ಹೊಸ ಹಾಡಿಗೆ ಇರುವುದಿಲ್ಲ. 2009ರಲ್ಲಿ ನೀವು ಅತ್ತಿರಲಿಲ್ಲ ಎಂದರೆ ಅದಕ್ಕೇ ಇರಬಹುದು. ಆಗ ನಿಮಗೆ ಆ ಹಾಡು ಗೊತ್ತಾಗಿ ಎಷ್ಟು ವರ್ಷವಾಗಿತ್ತು?

ಕನ್ಸೋಲ್, ಅಂದರೆ ಮಿಕ್ಸರ್ ಟೇಬಲ್ ಹಿಂದೆ ನಿಂತು ಗಮನಿಸಿದ್ದನ್ನೂ ಒಂದು ಹೇಳುತ್ತೇನೆ. ಜನ ಅಳುವುದು ಸೌಂಡ್ ಅತಿ ಜೋರಾದಾಗಲ್ಲ. ಇಳಿದಾಗ. ಒಳ್ಳೆಯ ಮಿಕ್ಸಿಂಗ್ ಇಂಜಿನಿಯರ್ ಆ ಇಳಿತವನ್ನು ಕಾಪಾಡುತ್ತಾನೆ. ಕೆಟ್ಟವನು ಹೆದರಿ ಸೌಂಡ್ ಏರಿಸುವ ಫೇಡರ್ ಎತ್ತುತ್ತಾನೆ. ಅವತ್ತು ಲಂಡನ್‌ನಲ್ಲಿ ಕನ್ಸೋಲ್ ಹಿಂದೆ ಇದ್ದವರು ಎತ್ತಲಿಲ್ಲ ಅಂತ ಕಾಣುತ್ತದೆ.

ಇನ್ನು ಕಿವಿ. ಇಲ್ಲಿ ಸ್ವಲ್ಪ ಗದರಿಸಬೇಕು. ಎರಡು ದಿನ ಗುಂಯ್ ಎಂದದ್ದು "ಒಳ್ಳೆಯ ಶೋ ನೋಡಿ ಬಂದೆ" ಎನ್ನುವುದರ ಗುರುತಲ್ಲ. ಕಿವಿಯೊಳಗೆ ಸದ್ದು ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟು ಇರುತ್ತವೆ. ಹುಟ್ಟುವಾಗ ಬಂದದ್ದೇ ಕೊನೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೆಲಸದ ಜಾಗಗಳಿಗೆ ಅಮೆರಿಕದ ಸಂಸ್ಥೆಯೊಂದು ಕೊಟ್ಟ ಲೆಕ್ಕ ಹೀಗಿದೆ: 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. ಹಾಗೆ ಏರುತ್ತ ಹೋದರೆ 100 ಡೆಸಿಬಲ್‌ಗೆ ಸಿಗುವುದು ಹದಿನೈದೇ ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹಾಕಿಕೊಟ್ಟ ಮಿತಿಯೂ ಸರಾಸರಿ 100 ಡೆಸಿಬಲ್. ಐರನ್ ಮೇಡನ್ ನುಡಿಸುವುದು ಹತ್ತಿರ ಹತ್ತಿರ ಎರಡು ಗಂಟೆ. ನೀವೇ ಲೆಕ್ಕ ಹಾಕಿ.

ನನ್ನ ಎಡಗಿವಿಯಲ್ಲಿ ಹನ್ನೆರಡು ವರ್ಷದಿಂದ ಒಂದು ಜೀರುಂಡೆ ಇದೆ. ಮಲೆನಾಡಿನ ಜೀರುಂಡೆಗಾದರೂ ಒಂದು ಹೊತ್ತು ಗೊತ್ತು ಇರುತ್ತದೆ. ನನ್ನದಕ್ಕೆ ಇಲ್ಲ. ವಯಸ್ಸಿದ್ದಾಗ ಕಿವಿಗೆ ಪ್ಲಗ್ ಹಾಕುವುದು ಹೇಡಿತನ ಅಂದುಕೊಂಡಿದ್ದೆ.

ಆದ್ದರಿಂದ ಮುಂದಿನ ಸಲ ಇಯರ್‌ಪ್ಲಗ್ ಇಲ್ಲದೆ ಹೋಗಬೇಡಿ. ಸ್ಪಂಜಿನ ಹಳದಿ ಪ್ಲಗ್ ಮೇಲಿನ ಸದ್ದನ್ನು ಜಾಸ್ತಿ ತಿನ್ನುತ್ತದೆ, ಕಂಬಳಿ ಹೊದ್ದು ಕೇಳಿದ ಹಾಗಿರುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಬರುತ್ತದೆ. ಎಲ್ಲ ಸದ್ದನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತದೆ. 15 ಡೆಸಿಬಲ್ ಇಳಿಸಿದರೂ 100 ಇದ್ದದ್ದು 85 ಆಯಿತು, ಹದಿನೈದು ನಿಮಿಷ ಇದ್ದದ್ದು ಎಂಟು ಗಂಟೆ ಆಯಿತು. ಗುಂಯ್ ಮತ್ತೆ ಬಂದು ಎರಡು ಮೂರು ದಿನ ಕಳೆದರೂ ಹೋಗದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಒಂದು ಕಿವಿ ದಿಢೀರನೆ ಮಂದವಾದರೆ ಅಷ್ಟು ದಿನವೂ ಕಾಯಬೇಡಿ, ಅವತ್ತೇ ಹೋಗಿ.

ಜಾಗ ಎಲ್ಲಿ ಎಂದು ಕೇಳಿದರೆ, ಮಿಕ್ಸರ್ ಹತ್ತಿರ. ಮೈದಾನದ ನಡುವೆ ಬೇಲಿ ಹಾಕಿ ಒಂದು ಗುಡಾರ ಕಟ್ಟಿರುತ್ತಾರೆ, ವೇದಿಕೆಯಿಂದ ಮೂವತ್ತು ನಲವತ್ತು ಮೀಟರ್. ಇಡೀ ಸೌಂಡ್ ಹದ ಮಾಡುವುದು ಆ ಜಾಗದ ಕಿವಿಗೆ. ಎಡ ಬಲದ ಸಬ್‌ಗಳ ಸದ್ದು ಕೂಡಿ ಗಟ್ಟಿಯಾಗುವುದೂ ನಟ್ಟನಡುವೆ. ನಿಮಗೆ ಬೇಕಾದ ಆ ಗುದ್ದು ಅಲ್ಲಿ ಸಿಗುತ್ತದೆ. ತೀರಾ ಮುಂದಿನ ಬೇಲಿಗೆ ಹೋಗಿ ಅಂಟಿಕೊಳ್ಳಬೇಡಿ. ತೂಗುಹಾಕಿದ ಸ್ಪೀಕರಿನ ಸದ್ದು ನಿಮ್ಮ ತಲೆಯ ಮೇಲಿಂದ ಹಾರಿ ಹೋಗುತ್ತದೆ, ಗಿಟಾರ್ ಡಬ್ಬದ ಸದ್ದು ಜಾಸ್ತಿ, ಹಾಡು ಕಡಿಮೆ. ಅಲ್ಲಿ ನಿಲ್ಲುವವರು ಕೇಳಲು ನಿಂತಿರುವುದಿಲ್ಲ, ನೋಡಲು ನಿಂತಿರುತ್ತಾರೆ. ಅದೂ ಸರಿಯೇ.

ಆದರೆ ಮಗಳ ಜೊತೆ ಹೋದರೆ ಮಿಕ್ಸರ್ ಪಕ್ಕದ ಆಸೆ ಬಿಡಿ. ಸಾಮಾನ್ಯವಾಗಿ ನಿಲ್ಲುವ ಜಾಗಕ್ಕೆ ಸಣ್ಣ ಮಕ್ಕಳನ್ನು ಬಿಡುವುದಿಲ್ಲ, ಟಿಕೆಟ್ ತಗೊಳ್ಳುವ ಮೊದಲು ವಯಸ್ಸಿನ ನಿಯಮ ಓದಿ. ಕೆಳಗಿನ ಅಂತಸ್ತಿನಲ್ಲಿ, ಪಕ್ಕದ ಸೀಟು ತಗೊಳ್ಳಿ, ಸ್ಟೇಡಿಯಂನ ಅರ್ಧಕ್ಕಿಂತ ಹಿಂದೆ ಬೇಡ. ಮಕ್ಕಳ ಕಿವಿಗೆ ಪ್ಲಗ್ ಸರಿಯಾಗಿ ಕೂರುವುದಿಲ್ಲ. ತಲೆಗೆ ಹಾಕುವ, ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು. ಒಂದು ವಾರ ಮೊದಲೇ ತಂದು, ಮನೆಯಲ್ಲಿ ಹಾಡು ಕೇಳಿಸುತ್ತ ಹಾಕಿ ಅಭ್ಯಾಸ ಮಾಡಿಸಿ. ಬಣ್ಣ ಅವಳೇ ಆರಿಸಲಿ. ನೀವು ಆರಿಸಿದ್ದಾದರೆ ಎರಡನೇ ಹಾಡಿಗೇ ಕಿತ್ತು ನಿಮ್ಮ ಕೈಗೆ ಕೊಡುತ್ತಾಳೆ.